ಕಂಪನಿ ಮುಚ್ಚಿದ ಮೇಲೂ ಗೇಮಿನ ಅತ್ತಿ

ಅತ್ತಿಯ ಎರಡೂ ಹೆಬ್ಬೆರಳುಗಳ ತುದಿಯಲ್ಲಿ ಚರ್ಮ ಹುಣಸೆ ಬೀಜದ ಹಾಗೆ ಗಟ್ಟಿಯಾಗಿ, ನುಣುಪಾಗಿ ಜಡ್ಡುಗಟ್ಟಿತ್ತು. ರೊಟ್ಟಿ ಬಡಿದ ಕೈಗಳು ನಮ್ಮ ಕಡೆ ಮನೆಮನೆಯಲ್ಲೂ ಇವೆ. ಅವುಗಳ ಅಂಗೈ ಗಟ್ಟಿ, ಬೆರಳ ತುದಿಗೆ ಹಂಚಿನ ಬಿಸಿ ತಾಗುವುದೇ ಇಲ್ಲ. ಆದರೆ ಹೆಬ್ಬೆರಳಿನ ಜಡ್ಡು ಅತ್ತಿಯೊಬ್ಬಳದೇ. ಒಮ್ಮೆ ಬಿ.ಪಿ. ತೋರಿಸಲು ಕರೆದುಕೊಂಡು ಹೋದಾಗ ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಆ ಬೆರಳು ಹಿಡಿದು, "ಏನು ಕೆಲಸ ಮಾಡ್ತೀರಿ ಅಮ್ಮ?" ಎಂದರು. "ಕಾರ್ ಹೊಡೀತೇನ್ರಿ," ಎಂದಳು ಅತ್ತಿ. ಡಾಕ್ಟರು ಅವಳ ಇಳಕಲ್ ಸೀರೆ, ಹಣೆಯ ವಿಭೂತಿ, ದಪ್ಪ ಕನ್ನಡಕ ಎಲ್ಲ ನೋಡಿ ಕೊನೆಗೆ ನನ್ನ ಮುಖ ನೋಡಿದರು. "ಖರೇನ ಹೊಡೀತಾಳ್ರಿ. ಟಿವಿಯೊಳಗ," ಎಂದೆ. ಅವರು ನಗಬೇಕೋ ಬೇಡವೋ ತಿಳಿಯದೆ ಬಿ.ಪಿ. ಪಟ್ಟಿ ಕಟ್ಟಿದರು.

ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಊರೆಲ್ಲ ಅವಳನ್ನು 'ಗೇಮಿನ ಅತ್ತಿ' ಎನ್ನುತ್ತಿತ್ತು. ಅವಳನ್ನು ಯಂಕಂಚಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡನ ಮನೆಯಲ್ಲಿ ಏನೇನಾಯಿತು ಎಂದು ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ. "ಮಾತಾಡಿದ್ರ ಬಾಯಿ ದೊಡ್ಡದಂತಿದ್ರು, ಸುಮ್ಮನಿದ್ರ ಸೊಕ್ಕಂತಿದ್ರು. ಎದ್ದು ಬಂದೆ," ಎಂದಷ್ಟೇ ಅನ್ನುತ್ತಿದ್ದಳು. ಎದ್ದು ಬಂದವಳು ತಮ್ಮನ ಮನೆಯ ಒಲೆಯ ಮುಂದೆ ಕೂರುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ಅವಳು ಮೈಮೇಲಿನ ಬಂಗಾರ ಮಾರಿ, ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ಒಂದು ಕೋಣೆ ಹಿಡಿದು, ವಿಡಿಯೋ ಗೇಮ್ ಅಂಗಡಿ ಹಾಕಿದಳು.

ಯಾಕೆ ಅದೇ ಆಗಬೇಕಿತ್ತು ಎಂದು ನಾನು ದೊಡ್ಡವಳಾದ ಮೇಲೆ ಕೇಳಿದ್ದೆ. ಯಾರದೋ ಮದುವೆಯ ಜವಳಿಗೆಂದು ಸೊಲ್ಲಾಪುರಕ್ಕೆ ಹೋದಾಗ ಅಂಗಡಿಯೊಂದರ ಮುಂದೆ ಟಿವಿಯಲ್ಲಿ ಕಾರು ಓಡುವುದನ್ನು ಕಂಡಳಂತೆ. ನಾನೂ ಒಂದು ಕೈ ನೋಡಲೇ ಎಂದಳಂತೆ. "ಅಲ್ಲಿ ಯಾರೂ ನನ್ನ ಯಾರ ಸೊಸಿ, ಯಾರ ಮಗಳು ಅಂತ ಕೇಳಲಿಲ್ಲ ಬೇ. ರಿಮೋಟ್ ಕೈಯಾಗ ಕೊಟ್ಟು ಸರದು ಕುಂತ್ರು. ಅಷ್ಟು ಮರ್ಯಾದಿ ನನಗ ಅಲ್ಲೀತನಕಾ ಯಾರೂ ಕೊಟ್ಟಿದ್ದಿಲ್ಲ." ಇದನ್ನು ಹೇಳುವಾಗ ಹಲ್ಲು ಬಿಟ್ಟು ನಗುತ್ತಿದ್ದಳು.

ಆಗ ಆ ಕಂಪನಿಯ ಕಾಲ. ಹೆಸರು ಇಲ್ಲಿ ಬೇಡ, ಅತ್ತಿ ಅದನ್ನು 'ನಮ್ಮ ಕಂಪನಿ' ಅನ್ನುತ್ತಿದ್ದಳು, ಅಷ್ಟು ಸಾಕು. ಯಾವ ದೇಶದ್ದೋ ಏನೋ, ಜಗತ್ತಿನ ಟಿವಿಗಳನ್ನೆಲ್ಲ ಅದು ಆಳುತ್ತಿತ್ತು. ನಮ್ಮಲ್ಲಿ ವಿಡಿಯೋ ಗೇಮ್ ಎಂದು ಯಾರೂ ಅನ್ನುತ್ತಿರಲಿಲ್ಲ. ಯಾರು ಮಾಡಿದ ಯಂತ್ರವಾದರೂ ಅದನ್ನು ಕರೆಯುತ್ತಿದ್ದದ್ದು ಈ ಕಂಪನಿಯ ಹೆಸರಿನಿಂದಲೇ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ ಈ ನಾಲ್ಕೂ ಊರುಗಳಲ್ಲಿ ಅದರ ಏಜೆಂಟರಿದ್ದರು. ಮೂವರು ಗಂಡಸರು, ನಾಲ್ಕನೆಯವಳು ಅತ್ತಿ. ಕಂಪನಿಯವರು ಮೊದಲ ಸಲ ಸಿಂದಗಿಗೆ ಬಂದಾಗ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಅವಳನ್ನೇ "ಮಾಲಕರು ಎಲ್ಲಿ?" ಎಂದು ಕೇಳಿದರಂತೆ. "ಮಾಲಕರು ನಿಮ್ಮ ಮುಂದ ಕುಂತಾರ. ಚಪ್ಪಲಿ ಹೊರಗ ಬಿಟ್ಟು ಬರ್ರಿ," ಎಂದಳಂತೆ.

ಅಂಗಡಿಯಲ್ಲಿ ಅವಳದೇ ಕಾನೂನು. ಚಪ್ಪಲಿ ಹೊರಗೆ. ಗುಟ್ಕಾ ಬಾಯಿ ಹೊರಗೆ. ಸಾಲಿ ಯೂನಿಫಾರ್ಮು ಹಾಕಿಕೊಂಡು ಬಂದವನಿಗೆ ಬಾಗಿಲಲ್ಲೇ ಬೈಗುಳ. ಎಲ್ಲಕ್ಕಿಂತ ದೊಡ್ಡ ಕಾನೂನೆಂದರೆ, ಸೋತವನು ರಿಮೋಟ್ ಇಟ್ಟು ಎದ್ದು ಓಡುವಂತಿರಲಿಲ್ಲ. ಗೆದ್ದವನ ಮುಂದಿನ ಆಟವನ್ನು ನಿಂತು ನೋಡಿ ಹೋಗಬೇಕು. ಎಷ್ಟೋ ಜನ ಈ ಕಾರಣಕ್ಕೇ ಅವಳ ಜೊತೆ ಜಗಳ ತೆಗೆದಿದ್ದಾರೆ. ಪಿ.ಎಸ್.ಐ. ಒಬ್ಬರು ಮಫ್ತಿಯಲ್ಲಿ ಬಂದು ಆಡಿ ಸೋತು ಎದ್ದಾಗ, "ನಿಂತು ನೋಡಿ ಹೋಗ್ರಿ ಸಾಹೇಬ್ರ, ಅದರಾಗೇನು ನಿಮ್ಮ ಸ್ಟಾರ್ ಉದುರಾಂಗಿಲ್ಲ," ಎಂದಿದ್ದಳು. ಅವರು ನಿಂತರು. ಆಮೇಲೆ ವರ್ಗವಾಗುವತನಕ ವಾರಕ್ಕೊಮ್ಮೆ ಬಂದರು.

ಬಾರದೇ ಉಳಿದವನು ಒಬ್ಬನೇ, ನನ್ನ ಅಪ್ಪ. ಅಪ್ಪ ಸರಕಾರಿ ಸಾಲಿ ಮಾಸ್ತರ. ಅವನ ವರ್ಗದ ಹುಡುಗರು ಎಲ್ಲಿ ತಪ್ಪಿಸಿಕೊಂಡರೂ ಅವನಿಗೆ ಅತ್ತಿಯ ಅಂಗಡಿಯೇ ನೆನಪಾಗುತ್ತಿತ್ತು. ಹಬ್ಬಕ್ಕೆ ಅಕ್ಕನನ್ನು ಮನೆಗೆ ಕರೆಯುತ್ತಿದ್ದ, ತಾಟು ಹಚ್ಚಿಸಿ ಉಣಿಸುತ್ತಿದ್ದ. ಆದರೆ ಅಂಗಡಿಯ ಹೊಸ್ತಿಲು ತುಳಿಯಲಿಲ್ಲ. ಬಸ್ ಸ್ಟ್ಯಾಂಡಿಗೆ ಬಂದರೂ ರಸ್ತೆಯ ಆಚೆ ಬದಿಯಿಂದಲೇ ಹೋಗುತ್ತಿದ್ದ. "ಅಕ್ಕಾ, ಬೆರಳ ಒತ್ತೂದರಾಗ ಏನ್ ಪುರುಷಾರ್ಥ ಐತಿ?" ಎಂದು ಒಮ್ಮೆ ಊಟಕ್ಕೆ ಕುಳಿತಾಗ ಕೇಳಿದ. "ನೀ ಪೂರ್ತಿ ಜೀವಮಾನ ಸೀಮಿಸುಣ್ಣಾ ಒತ್ತಿದಿ, ನಾ ಕೇಳೇನೇನು?" ಎಂದು ಅವಳು ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.

ಇನ್ನು ಕಾರಹುಣ್ಣಿಮೆಯ ಕತೆ. ನಮ್ಮ ಸೀಮೆಯಲ್ಲಿ ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಇಳಿಹೊತ್ತಿನಲ್ಲಿ ಅಗಸಿ ಬಾಗಿಲಿಗೆ ತೋರಣ ಕಟ್ಟಿ ಓಡಿಸುತ್ತಾರೆ. ಅದಕ್ಕೆ ಕರಿ ಹರಿಯುವುದು ಎನ್ನುತ್ತಾರೆ. ಬಿಳಿ ಎತ್ತು ಮುಂದಾಗಿ ತೋರಣ ಹರಿದರೆ ಆ ವರ್ಷ ಬಿಳಿ ಪೀಕು, ಅಂದರೆ ಜೋಳ ಚೆನ್ನಾಗಿ ಬರುತ್ತದೆ. ಕೆಂದ ಎತ್ತು ಮುಂದಾದರೆ ಕೆಂಪು ಪೀಕು, ಅಂದರೆ ತೊಗರಿ. ಒಂದು ವರ್ಷ ಎರಡೂ ಎತ್ತು ಕೂಡಿಯೇ ನುಗ್ಗಿ, ಯಾವುದು ಮೊದಲು ಹರಿಯಿತು ಎಂದು ದೊಡ್ಡ ವಾದವಾಯಿತು. ಬೈದಾಡುತ್ತ ಬಂದ ಜನ ಚಹಾ ಕುಡಿಯಲು ಅತ್ತಿಯ ಅಂಗಡಿಯ ಮುಂದೆ ನಿಂತಿದ್ದರು. ಅತ್ತಿ ಹೊರಗೆ ಬಂದು, "ಒಳಗ ಬರ್ರಿ. ನನ್ನ ಹತ್ರ ಬಿಳಿ ಕಾರೂ ಐತಿ, ಕೆಂಪು ಕಾರೂ ಐತಿ. ಯಾವುದು ಮುಂದಾತು ಅಂತ ಟಿವಿನೇ ಬರದು ತೋರಸ್ತೈತಿ," ಎಂದಳು. ಕೆಂಪು ಕಾರು ತಾನು ಹಿಡಿದಳು, ಬಿಳಿ ಕಾರಿಗೆ ಜೋಳದ ಕಡೆಯವನೊಬ್ಬ ಕುಳಿತ. ಅತ್ತಿ ಗೆದ್ದಳು. ಆ ವರ್ಷ ತೊಗರಿ ಕೈತುಂಬ ಬಂತು. ಮುಗಿಯಿತಲ್ಲ! ಮರುವರ್ಷದಿಂದ ಅಗಸಿಯಲ್ಲಿ ಕರಿ ಹರಿದ ಮೇಲೆ ಜನ ನೇರವಾಗಿ ಅತ್ತಿಯ ಅಂಗಡಿಗೇ ಬರತೊಡಗಿದರು.

ತೊಂದರೆ ಏನೆಂದರೆ ಅತ್ತಿ ಸೋಲುತ್ತಲೇ ಇರಲಿಲ್ಲ. "ಅತ್ತಿ ಹಿಂಗ ಗೆದಕೋಂತ ಹೋದ್ರ ನಾವು ಬರೇ ತೊಗರಿನ ತಿನ್ನಬೇಕಾಕ್ಕೈತಿ!" ಎಂದು ಜೋಳದವರು ಗೋಳಾಡಿದರು. "ಹಂಗಾರ ಕಲೀರಿ. ಬಂದು ಸೋಲಸ್ರಿ," ಎಂದಳು ಅವಳು. ನಂಬಿದರೆ ನಂಬಿ, ಬೇಸಗೆಯಲ್ಲಿ ಹೊಲದ ಕೆಲಸವಿಲ್ಲದಾಗ ಪಟಕಾ ಸುತ್ತಿದ ಹಿರಿಯರು ಅವಳ ಅಂಗಡಿಗೆ ಬಂದು ಕಾರು ಓಡಿಸುವುದನ್ನು ಅಭ್ಯಾಸ ಮಾಡುತ್ತಿದ್ದರು. ತಿರುವು ಬಂದಾಗ ರಿಮೋಟ್ ಸಮೇತ ಮೈಯನ್ನೂ ತಿರುವುತ್ತಿದ್ದರು. ಕೆಲವರ ಬಾಯಿಂದ ಎತ್ತಿಗೆ ಹಾಕುವ ಕೂಗೇ ಬರುತ್ತಿತ್ತು.

ಅಷ್ಟರಲ್ಲಿ ಅತ್ತ ಕಂಪನಿ ಕುಸಿಯತೊಡಗಿತ್ತು. ಅದು ಯಾಕೆ ಬಿತ್ತೆಂದು ಓದಿದವರು ನೂರು ಕಾರಣ ಕೊಡುತ್ತಾರೆ. ಅತ್ತಿ ಕೊಡುತ್ತಿದ್ದದ್ದು ಒಂದೇ ಕಾರಣ: ಸೊಕ್ಕು. ತಮ್ಮನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ ಎಂದು ಕಂಪನಿ ತಿಳಿದಿತ್ತು. ಹೊಸ ಯಂತ್ರ ತಂದಿತು, ಅದರಲ್ಲಿ ಹಳೆಯ ಕ್ಯಾಸೆಟ್ ಯಾವುದೂ ನಡೆಯುತ್ತಿರಲಿಲ್ಲ. ಜನ ಜೋಪಾನ ಮಾಡಿಟ್ಟ ಆಟಗಳೆಲ್ಲ ಒಂದೇ ದಿನದಲ್ಲಿ ಕಸವಾದವು. "ಸೊಸಿ ಬಂದಳಂತ ಮಗಳನ್ನ ಹೊರಗ ದಬ್ಬಿದ್ರ ಆ ಮನಿ ಉಳೀತೈತೇನು?" ಎಂದು ಅತ್ತಿ ಅಂದಿನಿಂದಲೇ ಬೈಯುತ್ತಿದ್ದಳು. ಜೊತೆಗೆ ಆ ಹೊಸ ಯಂತ್ರಕ್ಕೆ ಇನ್ನೊಂದು ರೋಗ. ಹಚ್ಚಿದಾಗಲೆಲ್ಲ ಅದು ಇಂಟರ್ನೆಟ್ಟಿನಲ್ಲಿ ಕಂಪನಿಯ ಸರ್ವರ್ ಕಂಪ್ಯೂಟರಿಗೆ ಹೋಗಿ, ಆಡಿಸಲೋ ಬೇಡವೋ ಎಂದು ಅಪ್ಪಣೆ ಕೇಳಿ ಬರಬೇಕು. ಬೇರೆ ಕಂಪನಿಗಳು ಮುಂದೆ ಹೋದವು. ಫೋನಿನಲ್ಲೇ ಆಟ ಬಂತು. ಒಂದು ಕಾಲಕ್ಕೆ ಕೇಳುವ ಮುಂಚೆಯೇ ಮೂಟೆಗಟ್ಟಲೆ ಪೋಸ್ಟರ್ ಕಳಿಸುತ್ತಿದ್ದ ಕಂಪನಿ, ಏಜೆಂಟರ ಫೋನನ್ನೂ ಎತ್ತದ ಹಾಗಾಯಿತು.

ಕೊನೆಯ ಏಜೆಂಟರ ಸಭೆ ವಿಜಯಪುರದ ಒಂದು ಹೋಟೆಲಿನಲ್ಲಿ ಆಯಿತು. ಒಬ್ಬಳೇ ಹೋಗಲಾರೆ ಎಂದಲ್ಲ, ನನಗೂ ಒಂದು ಒಳ್ಳೆಯ ಊಟ ಸಿಗಲಿ ಎಂದು ಅತ್ತಿ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಟೈ ಕಟ್ಟಿದ ತರುಣ ಅಧಿಕಾರಿ ಗೋಡೆಯ ಮೇಲೆ ಚಿತ್ರ ತೋರಿಸುತ್ತ, ಮಾರುಕಟ್ಟೆ ಬದಲಾಗಿದೆ, ಕಂಪನಿ ಇನ್ನು ಯಂತ್ರ ಮಾಡುವುದಿಲ್ಲ, ನೀವೂ ಬೇರೆ ದಾರಿ ನೋಡಿಕೊಳ್ಳಿ ಎಂದು ನಯವಾಗಿ ಹೇಳಿದ. ಮೂವರು ಗಂಡಸರೂ ತಲೆ ಅಲ್ಲಾಡಿಸಿದರು. ಅತ್ತಿ ಎದ್ದು ನಿಂತಳು.

"ಜ್ವಾಳದ ರೇಟ್ ಇಳದ ವರ್ಷ ರೈತ ಹೊಲಾನ ಮಾರ್ತಾನೇನ್ರಿ?"

"ಮೇಡಂ, ಇದು ಬಿಸಿನೆಸ್," ಎಂದ ಅವನು.

"ಹೊಲಾನೂ ಬಿಸಿನೆಸ್ಸೇ ಐತ್ರಿ. ನಿಮಗ ಬಿತ್ತೂದು ಬೇಸರಾಗೇತಿ ಅಂತ ಹೇಳ್ರಿ, ನೆಲಾ ಕೆಟ್ಟೈತಿ ಅನಬ್ಯಾಡ್ರಿ."

ಊಟವಾದ ಮೇಲೆ ಎಲ್ಲರಿಗೂ ನೆನಪಿಗೆಂದು ಗೋಡೆ ಗಡಿಯಾರ ಕೊಟ್ಟರು. ಅತ್ತಿ ಅದನ್ನು ಅಲ್ಲೇ ಮೇಜಿನ ಮೇಲೆ ಇಟ್ಟು ಬಂದಳು.

ಆಮೇಲೆ ಇಂಡಿಯವರು ನಿಂಬೆಹಣ್ಣಿನ ವ್ಯಾಪಾರಕ್ಕಿಳಿದರು. ಮುದ್ದೇಬಿಹಾಳದವರು ಫ್ಲೆಕ್ಸ್ ಬ್ಯಾನರ್ ಹಾಕುವ ಮಷೀನು ತಂದರು. ಬಾಗೇವಾಡಿಯವರು ಕಬ್ಬಿನ ಹಾಲಿನ ಅಂಗಡಿ ಇಟ್ಟರು. ಅತ್ತಿ ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದಳು. ಸ್ವಲ್ಪ ದಿನಕ್ಕೆ ಕಂಪನಿಯ ಸರ್ವರ್ ಕಂಪ್ಯೂಟರುಗಳೂ ನಿಂತವು. ಅವಳ ಅಂಗಡಿಯಲ್ಲಿದ್ದ ಹೊಸ ಯಂತ್ರಗಳೆಲ್ಲ ಏನೂ ಕೆಡದೆಯೇ ಸತ್ತವು. ಹಚ್ಚಿದರೆ ಅಪ್ಪಣೆ ಕೇಳುತ್ತಿದ್ದವು, ಕೊಡುವವರು ಯಾರೂ ಇರಲಿಲ್ಲ. ಯಾರ ಅಪ್ಪಣೆಯೂ ಬೇಡದ ಹಳೆಯ ಯಂತ್ರ ಒಂದೇ ಉಳಿಯಿತು, ಕಾರಹುಣ್ಣಿಮೆಯ ಯಂತ್ರ. ದಿನವೆಲ್ಲ ಫೋನ್ ರಿಚಾರ್ಜು, ಜೆರಾಕ್ಸು ಮಾಡಿ ಅಂಗಡಿ ನಡೆಸುತ್ತಿದ್ದಳು. ಆದರೆ ಒಂದು ಮೂಲೆಯಲ್ಲಿ ಆ ಟಿವಿ, ಆ ಯಂತ್ರ, ಎರಡು ಸ್ಟೂಲು ಹಾಗೇ ಇದ್ದವು. "ಎಲ್ಲಾ ಹೋಗಲಿ. ಕರಿ ನಿಲ್ಲಬಾರದು," ಎಂದು ಹಟ ಹಿಡಿದಳು. ಅದು ನಿಂತರೆ ತಾನು ಸೋತ ಹಾಗೆ, ಟೈ ಕಟ್ಟಿದ ಆ ಹುಡುಗ ಗೆದ್ದ ಹಾಗೆ ಎಂದು ಅವಳ ಲೆಕ್ಕ.

ಆಗಲೇ ಎಣ್ಣೆಯ ಅನಾಹುತ ಆದದ್ದು. ಪ್ರತಿ ವರ್ಷ ಆಟಕ್ಕೆ ಮುಂಚೆ ಅತ್ತಿ ಯಂತ್ರಕ್ಕೆ ಕುಂಕುಮ ಹಚ್ಚಿ, "ಇದೂ ನಮ್ಮ ಎತ್ತ ಐತಿ," ಎನ್ನುತ್ತಿದ್ದಳು. ಆ ವರ್ಷದ ಕರಿ ಮುಗಿದು ಜನ ಕೂಗಾಡುತ್ತಿದ್ದಾಗ, ಯಂಕಂಚಿ ಕಡೆಯ ಒಬ್ಬ ಅಜ್ಜ ಯಂತ್ರದ ಮೇಲೆ ಕೈಯಿಟ್ಟು ನೋಡಿದ. ಬಿಸಿಯಾಗಿತ್ತು. ಅವನ ಎತ್ತುಗಳಿಗೆಂದು ತಂದಿದ್ದ ಬಿದಿರಿನ ಗೊಟ್ಟ ಹೆಗಲಲ್ಲೇ ಇತ್ತು. ಕಾರಹುಣ್ಣಿಮೆಗೆ ಎತ್ತಿಗೆ ಕುಸುಬಿ ಎಣ್ಣೆಯಲ್ಲಿ ಕೋಳಿ ತತ್ತಿ ಒಡೆದು ಗೊಟ್ಟದಿಂದ ಕುಡಿಸುವುದು ನಮ್ಮಲ್ಲಿ ಪದ್ಧತಿ. ಅಜ್ಜ ಬಹಳ ಪ್ರೀತಿಯಿಂದ, ಕ್ಯಾಸೆಟ್ ಹಾಕುವ ಬಾಯಿಗೆ ಗೊಟ್ಟ ಹಿಡಿದು, ಉಳಿದದ್ದನ್ನು ಪೂರ್ತಿ ಸುರಿದುಬಿಟ್ಟ.

ಚಿರ್ ಎಂದಿತು. ಟಿವಿ ಕಪ್ಪಾಯಿತು.

"ಏನ್ ಮಾಡಿದಿ ಮುದುಕಾ!" ಎಂದು ಯಾರೋ ಅವನ ಮೇಲೆ ಏರಿ ಹೋದರು. ಅಜ್ಜ ಗೊಟ್ಟವನ್ನು ಎದೆಗೆ ಅವಚಿಕೊಂಡು ನಿಂತಿದ್ದ. "ದಣದಿತ್ತವ್ವಾ. ಮೈ ಸುಡಾಕತ್ತಿತ್ತು. ಎತ್ತ ಐತಿ ಅಂತ ನೀನ ಅಂದಿದ್ದಿ..."

ಅತ್ತಿ ನಡುವೆ ಬಂದು ಎಲ್ಲರನ್ನೂ ಸರಿಸಿದಳು. "ಯಾರೂ ಅಜ್ಜಗ ಒಂದು ಮಾತು ಅನಬ್ಯಾಡ್ರಿ. ದಣದೈತಿ ಅಂತ ಮುಟ್ಟಿ ನೋಡಿದಾಂವ ಇಂವ ಒಬ್ಬನ. ಮಾಡಿದ ಕಂಪನಿ ಒಮ್ಮೆರ ಕೇಳೇತೇನು, ಹೆಂಗ ಐತಿ ಅಂತ?" ಎಂದು ಅಜ್ಜನನ್ನು ಸ್ಟೂಲಿನ ಮೇಲೆ ಕೂರಿಸಿ ಚಹಾ ತರಿಸಿದಳು. ಅವನು ಕುಡಿಯದೆ ಕಪ್ಪು ಹಿಡಿದೇ ಕುಳಿತಿದ್ದ. "ಕುಡೀಪಾ. ಮುಂದಿನ ವರ್ಷಾನೂ ಬರಬೇಕ ನೀ," ಎಂದಳು.

ಮರುದಿನ ಕಂಪನಿಯ ನಂಬರುಗಳಿಗೆಲ್ಲ ಫೋನು ಹಚ್ಚಿದಳು. ಕೊನೆಗೆ ಮುಂಬಯಿಯಲ್ಲಿ ಯಾರೋ ಎತ್ತಿದರು. ಅವಳ ಸಿಂದಗಿ ಹಿಂದಿ, ಅವರ ಮುಂಬಯಿ ಹಿಂದಿ ಎರಡೂ ಕೂಡಿ ತಿಳಿದದ್ದು ಇಷ್ಟು: ಆ ಕಂಪನಿ ಈಗ ಇಲ್ಲ. ಅದರ ಹೆಸರನ್ನು ಮಾತ್ರ ಯಾರೋ ಕೊಂಡಿದ್ದಾರೆ. ಕೊಂಡವರು ಆ ಹೆಸರು ಹಾಕಿ ಟೀ ಶರ್ಟು, ಚಹಾದ ಕಪ್ಪು ಮಾರುತ್ತಾರೆ. ಮೇಡಂ, ನಿಮಗೆ ಟೀ ಶರ್ಟು ಬೇಕೇ? ಅತ್ತಿ ಫೋನಿಟ್ಟು ಬಹಳ ಹೊತ್ತು ನಕ್ಕಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು, ಅದು ಬರೀ ನಗೆಯ ನೀರಾಗಿರಲಿಲ್ಲ. ಆಮೇಲೆ ನನಗೆ ಕೇಳಿದಳು, "ನಿಂದು ಡ್ಯೂಟಿ ಯಾವ ರೂಟು?"

ನಾನು ಆಗ ಬಸ್ ಕಂಡಕ್ಟರ್ ಆಗಿ ಸಿಂದಗಿ ಡಿಪೋದಲ್ಲಿದ್ದೆ, ಈಗಲೂ ಇದ್ದೇನೆ. ಅದೂ ಅತ್ತಿಯ ಕೊಡುಗೆಯೇ. ಅಪ್ಪನಿಗೆ ನಾನು ತನ್ನಂತೆ ಮಾಸ್ತರಿಕೆ ಮಾಡಬೇಕೆಂದಿತ್ತು. ಕಂಡಕ್ಟರ್ ಕೆಲಸದ ಆರ್ಡರು ಬಂದಾಗ ನಮ್ಮ ಮನೆ ಸತ್ತವರ ಮನೆಯ ಹಾಗಿತ್ತು. ಹೆಣ್ಣುಮಗಳು ನೂರು ಗಂಡಸರ ನಡುವೆ ನೂಕಾಡಿಕೊಂಡು ಚೀಟಿ ಹರಿಯುವುದೇ ಎಂದು ಬೀಗರು ಬಿಜ್ಜರೆಲ್ಲ ಅಂದರು. ಅತ್ತಿ ಬಂದು ಅಪ್ಪನ ಮುಂದೆ ಕುಳಿತು, "ನೂರು ಗಂಡಸರ ನಡುವ ನಾ ಒಬ್ಬಾಕಿ ಕುಂತು ಅಂಗಡಿ ನಡಿಸೇನಿ. ನನಗೇನು ಕೋಡು ಬಂದಾವೇನು? ಹೋಗಲಿ ಬಿಡು," ಎಂದಳು. ಮೊದಲ ದಿನ ಕುಡಿದವನೊಬ್ಬ ಟಿಕೆಟ್ ತೆಗೆದುಕೊಳ್ಳುವುದಿಲ್ಲವೆಂದು ಅಶ್ಲೀಲ ಮಾತಾಡಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದದ್ದು ನಿಜ. ಆದರೆ ಪಿ.ಎಸ್.ಐ.ಯನ್ನೂ ನಿಲ್ಲಿಸಿದವಳ ಅಂಗಡಿಯಲ್ಲಿ ಬೆಳೆದವಳು ನಾನು. ಹಗ್ಗ ಜಗ್ಗಿ ಬಸ್ ನಿಲ್ಲಿಸಿದೆ, ಅವನು ಇಳಿಯುವತನಕ ಬಸ್ ಮುಂದೆ ಹೋಗಲಿಲ್ಲ.

ಅತ್ತಿ ನನ್ನ ಬಸ್ಸಿನಲ್ಲಿ ಮೊದಲು ಬಾಗೇವಾಡಿಗೆ ಹೊರಟಳು, ಹಳೆಯ ಏಜೆಂಟರ ಬಳಿ ಅದೇ ಹಳೆಯ ತರದ ಸತ್ತ ಯಂತ್ರವಾದರೂ ಇರಬಹುದು, ಅವುಗಳಿಂದ ಒಂದನ್ನು ಬದುಕಿಸಬಹುದು ಎಂಬ ಆಸೆಯಿಂದ. ಬಾಗೇವಾಡಿಯವರ ಯಂತ್ರ ಕಬ್ಬಿನ ಗಾಣದ ಕಾಲಿನ ಕೆಳಗೆ ಇಟ್ಟಿಗೆಯ ಬದಲು ಕುಳಿತಿತ್ತು. ಅವರ ಹೆಂಡತಿ, "ಅದನ್ನ ತಗದ್ರ ಗಾಣ ಕುಣೀತೈತ್ರಿ," ಎಂದರು. ಅತ್ತಿ ರಸ್ತೆಯಾಚೆಯಿಂದ ಕಲ್ಲೊಂದನ್ನು ತಾನೇ ಹೊತ್ತು ತಂದು ಅದರ ಜಾಗಕ್ಕೆ ಇಟ್ಟು, ಯಂತ್ರವನ್ನು ಸೆರಗಿನಲ್ಲಿ ಒರೆಸಿಕೊಂಡು ಬಂದಳು. ಮುದ್ದೇಬಿಹಾಳದವರು ಅಟ್ಟದಿಂದ ತಮ್ಮದನ್ನು ಇಳಿಸಿ ಕೊಟ್ಟರು. ಇಲಿ ವೈರು ಕಡಿದಿತ್ತು, ಒಳಗಿನದು ನೆಟ್ಟಗಿತ್ತು. "ಯಾಕ ಇಷ್ಟ ತ್ರಾಸ ತಗೋತೀರಿ ಅಕ್ಕಾರ? ಕಾಲ ಹೋತು," ಎಂದರು ಅವರು. "ಕಾಲ ಎಲ್ಲಿಗಿ ಹೋಗ್ತೈತಿ? ಹೋದಾವ್ರು ನೀವು," ಎಂದಳು ಅತ್ತಿ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅವಳ ಚೀಲವನ್ನು ಬಸ್ಸಿನವರೆಗೆ ತಾವೇ ಹೊತ್ತು ತಂದರು.

ಇಂಡಿಯವರದು ಮಾತ್ರ ಕಷ್ಟವಾಯಿತು. ನನ್ನ ರಜೆಯ ದಿನ ಇಬ್ಬರೂ ಹೋದೆವು. ನಿಂಬೆಹಣ್ಣಿನ ರಾಶಿಗಳ ನಡುವೆ ಕುಳಿತಿದ್ದ ಆ ಮನುಷ್ಯ ಯಂತ್ರವನ್ನು ಕೊಡಲು ಒಪ್ಪಲಿಲ್ಲ. ಮನೆಯಲ್ಲಿ ಪೆಟ್ಟಿಗೆ ಸಮೇತ, ಹಾಳೆ ಸಮೇತ, ಹೊಸದರಂತೆ ಇಟ್ಟಿದ್ದಾರಂತೆ. "ಅಕ್ಕಾರ, ನಾ ಬಿಟ್ಟೇನಿ ಅಂತ ಎಲ್ಲಾರೂ ತಿಳದಾರ. ಖರೇ ಹೇಳಬೇಕಂದ್ರ ವರ್ಷಕ್ಕೊಮ್ಮೆ ತಗದು ನೋಡಿ ಮತ್ತ ಮುಚ್ಚಿ ಇಡ್ತೇನಿ," ಎಂದು ತಲೆ ತಗ್ಗಿಸಿದರು. ನಾನು ಅತ್ತಿ ಈಗ ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ. "ಮುಚ್ಚಿ ಇಟ್ಟದ್ದು ಉಳದಂಗ ಅಲ್ಲಪಾ. ಕರಿಗಿ ನೀನ ತಗೊಂಡು ಬಾ. ಬಿಳಿ ಕಾರು ನೀ ಹಿಡಿ," ಎಂದಳು.

ಉಳಿದೆರಡರ ಹೊಟ್ಟೆ ಬಿಚ್ಚಿಸಿ, ಬಸ್ ಸ್ಟ್ಯಾಂಡಿನ ಟಿವಿ ರಿಪೇರಿಯವನ ತಲೆಯ ಮೇಲೆ ವಾರಗಟ್ಟಲೆ ಕುಳಿತು, ಅವನು ಬೇಸತ್ತು ಕೈ ಮುಗಿಯುವವರೆಗೂ ಬಿಡದೆ, ಅತ್ತಿ ತನ್ನ ಯಂತ್ರವನ್ನು ಬದುಕಿಸಿಕೊಂಡಳು. ಅದು ಹಚ್ಚಿದಾಗ ಸ್ವಲ್ಪ ಹೊತ್ತು ಕುಸುಬಿ ಎಣ್ಣೆಯ ವಾಸನೆ ಬರುತ್ತಿತ್ತು. ಮರುವರ್ಷದ ಕಾರಹುಣ್ಣಿಮೆಗೆ ಇಂಡಿಯವರು ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಯಂಕಂಚಿಯ ಅಜ್ಜನೂ ಬಂದ, ಗೊಟ್ಟವನ್ನು ಹೊರಗೇ ಇಟ್ಟು ಬಂದ. ಇಂಡಿಯವರು ಆಡಿದರು, ಸೋತರು, ಎದ್ದು ನಿಂತು ಮುಂದಿನ ಆಟ ನೋಡಿದರು. ಆ ದಿನ ಅತ್ತಿಯ ಮುಖ ನೋಡಬೇಕಿತ್ತು. ಕಂಪನಿಯ ತವರಿನಲ್ಲೇ ಅದರ ಆಟ ಆಡುವವರು ಇದ್ದರೋ ಇಲ್ಲವೋ, ಸಿಂದಗಿಯಲ್ಲಿ ನಿಲ್ಲಲು ಜಾಗವಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅತ್ತಿಯ ಕಿಡ್ನಿ ಕೈಕೊಟ್ಟಿತು. ವಿಜಯಪುರದ ಆಸ್ಪತ್ರೆಯಲ್ಲಿದ್ದಾಗ ಅಪ್ಪ ದಿನವೂ ಹೋಗುತ್ತಿದ್ದ, ಹಾಸಿಗೆಯ ಪಕ್ಕ ಪೇಪರು ಓದುತ್ತ ಕೂರುತ್ತಿದ್ದ. ಒಂದು ಮಧ್ಯಾಹ್ನ ನಾವು ಮೂವರೇ ಇದ್ದಾಗ ಅಪ್ಪ, "ಅಕ್ಕಾ, ಇನ್ನ ಸಾಕು. ಕಂಪನಿನೂ ಹೋತು. ಅಂಗಡಿ ಯಾರಿಗರ ಕೊಟ್ಟು ನಮ್ಮ ಮನಿಗಿ ಬಾ," ಎಂದ. ಅವನ ದನಿಯಲ್ಲಿ ಅಂತಃಕರಣವೇ ಇತ್ತು, ಹಂಗಿಸುವುದು ಇರಲಿಲ್ಲ.

ಅತ್ತಿ ದಿಂಬಿನ ಮೇಲೆ ಸ್ವಲ್ಪ ಏರಿ ಕುಳಿತಳು. "ಕಂಪನಿ ಮುಚ್ಚೇತಿ. ನಾ ಸಾಯ್ತೇನಿ. ಎರಡೂ ಒಂದು ಮಾಡಬ್ಯಾಡ ನೀ. ಸಾಯೂದು ಯಾರ ಕೈಯಾಗೂ ಇಲ್ಲ. ಮುಚ್ಚೂದು ನಮ್ಮ ಕೈಯಾಗ ಐತಿ." ಒಂದಿಷ್ಟು ಉಸಿರು ತೆಗೆದುಕೊಂಡು ನನ್ನ ಕಡೆ ತಿರುಗಿ, "ನಾ ಸತ್ತ ವರ್ಷ ಕರಿ ನಿಂತ್ರ ನನ್ನನ್ನೂ ಆ ಟೈ ಹುಡುಗನ ಲೆಕ್ಕದಾಗ ಹಿಡದಂಗ ಆಕ್ಕೈತಿ. ನೋಡು ಮತ್ತ," ಎಂದಳು. ಅಪ್ಪ ಪೇಪರು ಮಡಚಿ ಕಿಟಕಿಯ ಕಡೆ ನೋಡಿದ. ಅದಾಗಿ ಕೆಲವೇ ದಿನಕ್ಕೆ, ನಾನು ಡ್ಯೂಟಿಯಲ್ಲಿ ಹೂವಿನ ಹಿಪ್ಪರಗಿ ದಾಟುತ್ತಿದ್ದಾಗ ಫೋನು ಬಂತು. ಬಸ್ಸಿನ ತುಂಬ ಜನ. ನಾನು ಕಣ್ಣು ಒರೆಸಿಕೊಂಡು ಚೀಟಿ ಹರಿಯುತ್ತಲೇ ಊರು ಮುಟ್ಟಿದೆ.

ಈ ವರ್ಷದ ಕಾರಹುಣ್ಣಿಮೆ ಬಂತು. ಸಾವಾದ ಮನೆಯಲ್ಲಿ ವರ್ಷದೊಳಗೆ ಹಬ್ಬ ಮಾಡುವಂತಿಲ್ಲ. ಅಂಗಡಿಯ ಬಾಗಿಲೂ ತೆಗೆಯುವುದು ಬೇಡ ಎಂದು ಅಪ್ಪ ಹಿಂದಿನ ದಿನವೇ ಹೇಳಿದ. "ಜನ ಆಡಿಕೋತಾರ. ಮುಂದಿನ ವರ್ಷ ನೋಡೂಣು," ಎಂದ.

"ಆಸ್ಪತ್ರ್ಯಾಗ ಆಕಿ ಅಂದದ್ದು ನಿನಗೂ ಕೇಳೇತಿ ಅಪ್ಪಾ," ಎಂದೆ.

ಮರುದಿನ ಮಧ್ಯಾಹ್ನ ಹೋಗಿ ಅಂಗಡಿಯ ಶಟರ್ ಎತ್ತಿದೆ. ಕಸ ಹೊಡೆದೆ, ಯಂತ್ರದ ಧೂಳು ಒರೆಸಿದೆ. ಕುಂಕುಮ ಹಚ್ಚಲೋ ಬೇಡವೋ ಎಂದು ಅನುಮಾನಿಸಿ ಹಚ್ಚಿದೆ. ಅಗಸಿಯ ಕಡೆ ಹಲಗೆ ವಾದ್ಯದ ಸದ್ದು ನಿಂತು ಸ್ವಲ್ಪ ಹೊತ್ತಿಗೆ ಜನ ಬಂದರು. ಬಂದವರು ರಸ್ತೆಯ ಮೇಲೇ ನಿಂತರು. ಸೂತಕದ ಮನೆಯ ಹುಡುಗಿ, ಒಳಗೆ ಹೋಗಬೇಕೋ ಬೇಡವೋ ಎಂಬ ಹಿಂಜರಿಕೆ ಎಲ್ಲರ ಮುಖದಲ್ಲೂ ಇತ್ತು. ಇಂಡಿಯವರು ಒಂದು ಬದಿಗೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು, ಒಳಗೆ ಬರಲಿಲ್ಲ. ನಾನು ಕೆಂಪು ಕಾರಿನ ರಿಮೋಟ್ ಹಿಡಿದು ಒಬ್ಬಳೇ ಕುಳಿತಿದ್ದೆ. ಪಕ್ಕದ ಸ್ಟೂಲು ಖಾಲಿ ಇತ್ತು. ಯಾರೂ ಬರದಿದ್ದರೆ ಒಬ್ಬಳೇ ಓಡಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಜನ ಒಮ್ಮೆಲೇ ಸರಿದು ದಾರಿ ಬಿಟ್ಟರು. ಅಪ್ಪ ಬಂದ. ಧೋತರ, ಟೊಪ್ಪಿಗೆ, ಸಾಲಿಗೆ ಹೋಗುವ ಕಾಲದ ಅದೇ ಕರಿ ಕೋಟು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಅಂಗಡಿಯನ್ನು ಮೊದಲ ಸಲ ಸುತ್ತ ನೋಡಿ, ಸ್ಟೂಲಿನ ಮೇಲೆ ಕುಳಿತ. ರಿಮೋಟನ್ನು ತಲೆಕೆಳಗಾಗಿ ಹಿಡಿದಿದ್ದ. ನಾನು ತಿರುಗಿಸಿ ಕೊಟ್ಟೆ.

"ಎಲ್ಲೆ ಒತ್ತಬೇಕು?" ಎಂದ.

ತೋರಿಸಿದೆ. ಹೊರಗಿನ ಜನ ಒಬ್ಬರ ಹಿಂದೊಬ್ಬರು ಒಳಗೆ ನುಗ್ಗಿದರು. ಆಟ ಶುರುವಾಯಿತು. ಅಪ್ಪನ ಬಿಳಿ ಕಾರು ಮೊದಲ ತಿರುವಿನಲ್ಲೇ ಗೋಡೆಗೆ ಹೋಗಿ ಬಡಿಯಿತು. ಅಲ್ಲೇ ಗೋಡೆ ಗುದ್ದುತ್ತ ನಿಂತಿತು. ಅವನು ಬೆರಳು ತೆಗೆಯಲಿಲ್ಲ. ಹಣೆಯಲ್ಲಿ ಬೆವರು, ಹಲ್ಲು ಕಚ್ಚಿದ ಬಾಯಿ, ಪೂರಾ ಮೈ ಬಲಕ್ಕೆ ವಾಲಿತ್ತು. ನಾನು ಬೇಕೆಂದೇ ಸೋಲಲಿಲ್ಲ, ಹಾಗೆ ಮಾಡಿದ್ದರೆ ಅತ್ತಿ ನನ್ನನ್ನು ಕ್ಷಮಿಸುತ್ತಿರಲಿಲ್ಲ. ಕೆಂಪು ಕಾರು ಗೆದ್ದಿತು. ತೊಗರಿಯವರು ಕೇಕೆ ಹಾಕಿದರು, ಜೋಳದವರು ಮಾಸ್ತರರನ್ನು ಬಾಯಿತುಂಬ ಬೈದರು. ಕರಿ ಹರಿಯಿತು. ಅದು ವರ್ಷಕ್ಕೆ ಒಂದೇ ಸಲ, ಎರಡನೆಯ ಆಟಕ್ಕೆ ಯಾವ ಪೀಕೂ ಇಲ್ಲ, ಯಾವ ಫಲವೂ ಇಲ್ಲ, ಅದು ಬರೀ ಆಟ.

ಅಪ್ಪ ಕೋಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಹೆಬ್ಬೆರಳನ್ನು ಒಮ್ಮೆ ನೀವಿಕೊಂಡ. ನನ್ನ ಮುಖ ನೋಡದೆ, ಟಿವಿಯನ್ನೇ ನೋಡುತ್ತ ಹೇಳಿದ:

"ಮತ್ತೊಮ್ಮೆ ಹಚ್ಚು."